ಕೊನೆಗಾರನ ಪ್ರಶ್ನೆ: ಗಾಲಿಕುರ್ಚಿಯಲ್ಲಿ ಕೂತು ಮತ್ತೆ ಆಡಬಹುದಾ?

ಪ್ರಶ್ನೆ: ನನಗೆ 29 ವರ್ಷ. ಸಾಗರ ತಾಲ್ಲೂಕಿನ ಒಂದು ಹಳ್ಳಿ. ಕೊನೆಗಾರನ ಕೆಲಸ, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೆಲಸ ಮಾಡುತ್ತಿದ್ದೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಕೊಳೆ ರೋಗದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದಾಗ ಜಾರಿ ಬಿದ್ದೆ. ಬೆನ್ನುಮೂಳೆ ಮುರಿದು ಆಪರೇಷನ್ ಆಯಿತು. ಚೀಟಿಯಲ್ಲಿ 'ಟಿ12, ಪೂರ್ಣ' ಎಂದು ಬರೆದಿದ್ದಾರೆ, ಬೆನ್ನುಹುರಿಗೆ ಆ ಮಟ್ಟದಲ್ಲಿ ಪೂರ್ತಿ ಪೆಟ್ಟು ಅಂತೆ. ಕಾಲುಗಳಲ್ಲಿ ಶಕ್ತಿಯೂ ಇಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಗಾಲಿಕುರ್ಚಿಯಲ್ಲೇ ಓಡಾಟ. ಮೊದಲು ಊರಿನ ವಾಲಿಬಾಲ್ ಟೀಮಿನಲ್ಲಿ ಸ್ಮ್ಯಾಷರ್ ಆಗಿದ್ದೆ. ಈಗ ಸಂಜೆ ಹುಡುಗರು ಆಡುವ ಸದ್ದು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತೇನೆ. ನಾನೂ ಏನಾದರೂ ಆಟ ಆಡಬಹುದಾ? ಎಂಟು ತಿಂಗಳಿಂದ ಬಲ ಭುಜ ನೋವಿದೆ, ಆಡಿದರೆ ಜಾಸ್ತಿ ಆಗುತ್ತದಾ? ಅಮ್ಮ 'ಇನ್ನೊಂದು ಸಲ ಬಿದ್ದರೆ ಏನು ಗತಿ' ಅನ್ನುತ್ತಾರೆ. ಊರಿನವರು 'ಪ್ಯಾರಾಲಿಂಪಿಕ್ಸ್‌ಗೆ ಹೋಗು' ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಆಡಬಹುದು. ಆದರೆ ನಾಳೆಯಿಂದಲೇ ಅಲ್ಲ. ಮೊದಲು ಭುಜ.

ಆಟದ ಬಗ್ಗೆ ಕೇಳಿದರೆ ಇವರು ನೋವಿನ ಕಥೆ ಶುರು ಮಾಡಿದರಲ್ಲ ಅಂತ ಬೇಸರ ಆದೀತು. ಕಾರಣ ಇದೆ. ಫಿಸಿಯೋಥೆರಪಿ ಶುರು ಮಾಡಿದ ಹೊಸದರಲ್ಲಿ ನಾನು ಇದನ್ನು ಹಿಂದುಮುಂದು ಮಾಡಿದ್ದೆ. ನಿಮ್ಮ ಹಾಗೇ ಬೆನ್ನುಹುರಿಗೆ ಪೆಟ್ಟಾದ ಒಬ್ಬ ಹುಡುಗ ಬಂದಿದ್ದ. ಅಗಲ ಎದೆ, ಗಟ್ಟಿ ರಟ್ಟೆ. ಪವರ್‌ಲಿಫ್ಟಿಂಗ್ ಮಾಡಿಸೋಣ ಅಂತ ಉತ್ಸಾಹದಲ್ಲಿ ಬೆಂಚ್ ಮೇಲೆ ಮಲಗಿಸಿ ವಾರವಾರ ಭಾರ ಏರಿಸುತ್ತಾ ಹೋದೆ. ಐದನೇ ತಿಂಗಳಿಗೆ ಅವನ ಎರಡೂ ಭುಜ ಕೈಕೊಟ್ಟವು. ಹಾಸಿಗೆಯಿಂದ ಕುರ್ಚಿಗೆ ದಾಟುವುದಕ್ಕೇ ಆಗಲಿಲ್ಲ. ಕಾಲು ಉಳುಕಿದ ಓಟಗಾರ ನಾಲ್ಕು ದಿನ ಮನೆಯಲ್ಲಿ ಕೂರಬಹುದು. ಗಾಲಿಕುರ್ಚಿಯಲ್ಲಿ ಇರುವವನಿಗೆ ಭುಜ ಹೋದರೆ ಬಚ್ಚಲಿಗೆ ಹೋಗಲೂ ಜನ ಬೇಕು. ಅದು ನನ್ನ ತಪ್ಪು, ಅವನದಲ್ಲ. ಆಮೇಲೆ ಯಾರೇ ಆಟ ಅಂತ ಬಂದರೂ ಮೊದಲು ಭುಜ ಮುಟ್ಟಿ ನೋಡುತ್ತೇನೆ.

ಭುಜದ ಕೀಲು ತೂಕ ಹೊರುವುದಕ್ಕೆ ಆದದ್ದಲ್ಲ. ಸಣ್ಣ ತಟ್ಟೆಯ ಮೇಲೆ ದೊಡ್ಡ ಚೆಂಡು ಇಟ್ಟ ಹಾಗಿದೆ ಅದು. ಸುತ್ತ ನಾಲ್ಕು ಸಣ್ಣ ಸ್ನಾಯುಗಳು ಎಳೆದು ಹಿಡಿದಿರುವುದರಿಂದ ಜಾಗದಲ್ಲಿ ನಿಂತಿದೆ. ಕೈ ಎಲ್ಲ ಕಡೆ ತಿರುಗಲಿ ಅಂತ ಈ ಏರ್ಪಾಡು. ನೀವು ಈಗ ಅದೇ ಕೀಲಿನ ಮೇಲೆ ಇಡೀ ಮೈ ಹೊರಿಸಿದ್ದೀರಿ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 50 ಸಲ ಚಕ್ರ ತಳ್ಳಿದರೂ ಅರ್ಧ ಗಂಟೆಗೆ 1500 ಸಲ ಆಯಿತು. ಜೊತೆಗೆ ಹಾಸಿಗೆ, ಕುರ್ಚಿ, ಬಚ್ಚಲು ಅಂತ ದಿನಕ್ಕೆ ಹತ್ತಾರು ಸಲ ಕೈ ಊರಿ ಮೈ ಎತ್ತುವುದು.

ತಳ್ಳುವಾಗ ಕೆಲಸ ಮಾಡುವುದು ಎದೆ ಮತ್ತು ಭುಜದ ಮುಂಭಾಗದ ಸ್ನಾಯುಗಳು. ಅವು ಬಲಿಯುತ್ತಾ ಹೋಗುತ್ತವೆ. ಬೆನ್ನಿನ ಕಡೆಯ, ರೆಕ್ಕೆಮೂಳೆಯ ನಡುವಿನ ಸ್ನಾಯುಗಳಿಗೆ ಕೆಲಸವೇ ಇಲ್ಲ. ಅವು ಸಡಿಲ ಬೀಳುತ್ತವೆ. ಭುಜ ಮುಂದಕ್ಕೆ ಬಾಗುತ್ತದೆ, ಬೆನ್ನು ಗೂನಾಗುತ್ತದೆ. ಆಗ ಕೈ ಎತ್ತಿದಾಗಲೆಲ್ಲ ಭುಜದ ಒಳಗಿನ ಸ್ನಾಯುರಜ್ಜು ಎರಡು ಮೂಳೆಯ ನಡುವೆ ಬಾಗಿಲಿಗೆ ಸಿಕ್ಕ ಬೆರಳಿನ ಹಾಗೆ ಸಿಕ್ಕುತ್ತದೆ. ನಿಮ್ಮ ನೋವು ಹೆಚ್ಚುಕಡಿಮೆ ಇದೇ ಇರಬೇಕು. ಸ್ಮ್ಯಾಷರ್ ಆಗಿದ್ದವರಿಗೆ ಆ ಬಲ ಭುಜ ಮೊದಲೇ ಸ್ವಲ್ಪ ಸವೆದಿದ್ದರೂ ಇರಬಹುದು.

ಇಲ್ಲೊಂದು ಹಳೇ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ಪೆಟ್ಟಾದ ಸೈನಿಕರಿಗೆ ಒಂದು ವಿಭಾಗ ಶುರುವಾಯಿತು. ನೋಡಿಕೊಂಡವರು ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು. ಆ ಕಾಲದಲ್ಲಿ ಇಂಥವರನ್ನು ಹಾಸಿಗೆಯಲ್ಲಿ ಮಲಗಿಸಿ ಬಿಟ್ಟುಬಿಡುತ್ತಿದ್ದರು. ಹುಣ್ಣು, ಮೂತ್ರದ ಸೋಂಕು ಆಗಿ ಸ್ವಲ್ಪ ಕಾಲದಲ್ಲೇ ಸಾಯುತ್ತಿದ್ದರು. ಗುಟ್‌ಮನ್ ಆ ಸೈನಿಕರನ್ನು ಎಬ್ಬಿಸಿ ಕೂರಿಸಿದರು, ಆಡಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲಿನ ಮೇಲೆ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಸ್ಪರ್ಧೆ ಮಾಡಿದರು. ಪ್ಯಾರಾಲಿಂಪಿಕ್ಸ್‌ನ ಬೇರು ಅದೇ. ಅವರು ಆಡಿದ್ದು ಬಿಲ್ಲುಗಾರಿಕೆ. ಹಗ್ಗ ಎಳೆಯುವಾಗ ರೆಕ್ಕೆಮೂಳೆ ಹಿಂದಕ್ಕೆ ಹೋಗುತ್ತದೆ, ಎದೆ ತೆರೆಯುತ್ತದೆ. ಚಕ್ರ ತಳ್ಳುವುದಕ್ಕೆ ಸರಿಯಾಗಿ ಉಲ್ಟಾ. ಫಿಸಿಯೋ ಕಣ್ಣಿಂದ ನೋಡಿದರೆ ನನಗೆ ಅದು ಬರೀ ಆಟ ಅನ್ನಿಸುವುದಿಲ್ಲ.

ನಿಮಗೆ ಬಿಲ್ಲು ಬೇಡ, ಹಳೇ ಸೈಕಲ್ ಟ್ಯೂಬ್ ಸಾಕು. ಕಿಟಕಿಯ ಸರಳಿಗೆ ಎದೆಯ ಎತ್ತರದಲ್ಲಿ ಕಟ್ಟಿ. ಕುರ್ಚಿಯ ಬ್ರೇಕ್ ಹಾಕಿ. ಎರಡೂ ತುದಿ ಹಿಡಿದು ಮೊಣಕೈಯನ್ನು ಪಕ್ಕೆಗೆ ತಾಗಿಸಿಕೊಂಡೇ ಹಿಂದಕ್ಕೆ ಎಳೆಯಿರಿ. ಎರಡು ರೆಕ್ಕೆಮೂಳೆಯ ನಡುವೆ ಒಂದು ಅಡಿಕೆ ಸಿಕ್ಕಿಸಿ ಒಡೆಯುತ್ತಿದ್ದೇನೆ ಅಂದುಕೊಳ್ಳಿ. ಎರಡು ಎಣಿಸಿ, ನಿಧಾನ ಬಿಡಿ. ಇದು ಒಂದು. ಇನ್ನೊಂದು, ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಇಟ್ಟುಕೊಂಡು, ಮೊಣಕೈ ಮಡಚಿದ್ದ ಹಾಗೇ ಮುಂಗೈಯನ್ನು ಹೊರಕ್ಕೆ ತಿರುಗಿಸಿ ಟ್ಯೂಬ್ ಎಳೆಯುವುದು. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಭುಜವನ್ನು ಜಾಗದಲ್ಲಿ ಹಿಡಿಯುವ ಸಣ್ಣ ಸ್ನಾಯುಗಳಿಗೆ ಅದೇ ಊಟ. ಎರಡನ್ನೂ 8ರಿಂದ 15 ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ರಾತ್ರಿ ಮಲಗುವ ಮುಂಚೆ ಉದ್ದಕ್ಕೆ ಸುತ್ತಿದ ಟವೆಲನ್ನು ಬೆನ್ನುಮೂಳೆಯ ಮೇಲ್ಭಾಗದ ಕೆಳಗೆ ಇಟ್ಟು, ಎರಡು ಕೈ ಅಗಲಿಸಿ ಐದು ನಿಮಿಷ ಸುಮ್ನೆ ಮಲಗಿ. ಆಪರೇಷನ್ ಆದ ಜಾಗಕ್ಕೆ ಟವೆಲ್ ತಾಗುವುದು ಬೇಡ.

ಇದನ್ನು 12 ವಾರ ಮಾಡಬೇಕು. ಮೂರು ದಿನ ಮಾಡಿ 'ಏನೂ ಆಗಲಿಲ್ಲ' ಅನ್ನಬೇಡಿ. ಈ ಮೂರು ತಿಂಗಳು ತಲೆಯ ಮೇಲೆ ಕೈ ಎತ್ತಿ ಭಾರ ಎತ್ತುವ ಕೆಲಸ ಪೂರ್ತಿ ಬಂದ್. ಟ್ಯೂಬ್ ಎಳೆಯುವಾಗ ನೋವು ಚುಚ್ಚಿದರೆ ತೆಳು ಟ್ಯೂಬ್ ಹಿಡಿಯಿರಿ. ಕೈ ಎತ್ತಲಿಕ್ಕೇ ಆಗದಿದ್ದರೆ, ರಾತ್ರಿ ನೋವಿಗೆ ನಿದ್ದೆ ಬರದಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಟ್ಯೂಬ್ ಬಿಟ್ಟು ಮೂಳೆ ಡಾಕ್ಟರ ಹತ್ತಿರ ಹೋಗಿ.

ತಳ್ಳುವ ರೀತಿಯನ್ನೂ ಬದಲಾಯಿಸಿ. ಹೆಚ್ಚಿನವರು ಚಕ್ರದ ತುದಿಯಲ್ಲಿ ಟಪಟಪ ಅಂತ ಚಿಕ್ಕದಾಗಿ ತಳ್ಳುತ್ತಾರೆ. ಹಿಂದಿನಿಂದ ಹಿಡಿದು ಮುಂದಿನವರೆಗೆ ಉದ್ದಕ್ಕೆ, ನಯವಾಗಿ ಒಂದು ತಳ್ಳು ಕೊಡಿ. ಕೈ ಬಿಟ್ಟ ಮೇಲೆ ಅದನ್ನು ಮೇಲಿಂದ ಹಿಂದಕ್ಕೆ ತರಬೇಡಿ. ಕೆಳಗೆ ಇಳಿಬಿಟ್ಟು, ಅರ್ಧ ಚಂದ್ರದ ಹಾಗೆ ಹಿಂದಕ್ಕೆ ತನ್ನಿ. ಅಷ್ಟೇ ದೂರಕ್ಕೆ ಕಡಿಮೆ ತಳ್ಳು ಸಾಕಾಗುತ್ತದೆ. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿ. ಎಷ್ಟೋ ಜನರ 'ಭುಜ ನೋವು' ಅರ್ಧ ಗಾಳಿ ಹೋದ ಟೈರಿನಲ್ಲಿ ಇರುತ್ತದೆ.

ಕುರ್ಚಿಯ ವಿಷಯಕ್ಕೆ ಬರೋಣ. ನಿಮ್ಮದು ಆಸ್ಪತ್ರೆಯಲ್ಲಿ ಕಾಣುವ ಮಡಚುವ ಕುರ್ಚಿ ಅಂತ ಊಹಿಸುತ್ತೇನೆ. ಅದು ಸುಮಾರು 18ರಿಂದ 20 ಕೆಜಿ ಇರುತ್ತದೆ. ರೋಗಿಯನ್ನು ಬೇರೆಯವರು ತಳ್ಳಿಕೊಂಡು ಹೋಗಲು ಮಾಡಿದ ಕುರ್ಚಿ ಅದು, ತಾನೇ ತಳ್ಳಿಕೊಂಡು ಬದುಕುವವನಿಗಲ್ಲ. ಸೀಟು ಅಗಲ, ಚಕ್ರ ಹಿಂದೆ. ಹಾಗಾಗಿ ಕೈ ಅಗಲಿಸಿ, ಹಿಂದಕ್ಕೆ ಚಾಚಿ ತಳ್ಳಬೇಕು. ಸರಿಯಾದ ಕುರ್ಚಿಯಲ್ಲಿ ಕೂತು ಚಕ್ರದ ತಲೆಯ ಮೇಲೆ ಕೈ ಇಟ್ಟರೆ ಮೊಣಕೈ 100ರಿಂದ 120 ಡಿಗ್ರಿ ಮಡಚಿರಬೇಕು. ಅಂದರೆ ಲಂಬಕೋನಕ್ಕಿಂತ ಸ್ವಲ್ಪ ಬಿಚ್ಚಿದ ಹಾಗೆ. ಚಕ್ರದ ಅಚ್ಚು ಸ್ವಲ್ಪ ಮುಂದೆ ಇರಬೇಕು. ಈಗ ನಮ್ಮ ದೇಶದಲ್ಲೇ ಅಳತೆ ತೆಗೆದು ಮಾಡಿಕೊಡುವವರಿದ್ದಾರೆ. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಮೋಶನ್ ಕಂಪನಿಯ ನಿಯೋಫ್ಲೈ ಅಂಥದ್ದು. ಅದಕ್ಕೆ ಮುಂದೆ ಸಿಕ್ಕಿಸುವ ಬ್ಯಾಟರಿ ಚಕ್ರವೂ ಬರುತ್ತದೆ, ನಿಯೋಬೋಲ್ಟ್ ಅಂತ. ಬೆಂಗಳೂರಿನ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ 1994ರಿಂದ ಕುರ್ಚಿ, ಕೃತಕ ಕಾಲು ಇದೇ ಕೆಲಸ ಮಾಡಿಕೊಂಡು ಬಂದಿದೆ. ಒಂದು ಸಲ ಹೋಗಿ ಕೂತು ಅಳತೆ ಮಾಡಿಸಿಕೊಂಡು ಬಂದರೆ ಬಸ್ ಚಾರ್ಜು ದಂಡ ಅಲ್ಲ.

ಕುರ್ಚಿಗಿಂತ ಮುಖ್ಯ, ಕುರ್ಚಿಯ ಮೇಲಿನ ದಿಂಬು. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ, ನನಗೆ ಹೆದರಿಕೆ ಆಗಿದ್ದು ಅಲ್ಲಿ. ಕುಂಡೆಯ ಎರಡು ಮೂಳೆಯ ಮೇಲೆ ಗಂಟೆಗಟ್ಟಲೆ ಭಾರ ಬಿದ್ದರೆ ಅಲ್ಲಿನ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ನಮಗಾದರೆ ನೋವಾಗಿ ಗೊತ್ತಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ನಿಮಗೆ ಆ ಗಂಟೆ ಬಾರಿಸುವುದಿಲ್ಲ. ಆಟದ ಹುಮ್ಮಸ್ಸಿನಲ್ಲಿ ಎರಡು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಬೆವರು, ಉಜ್ಜಾಟ ಬೇರೆ. ಒಂದು ಹುಣ್ಣಾದರೆ ಮೂರು ತಿಂಗಳು ಬೋರಲು ಮಲಗಬೇಕಾದೀತು. ಆಟಗಾರರ ಎಷ್ಟೋ ಸೀಸನ್ ಹಾಳಾಗುವುದು ಸೋಲಿನಿಂದ ಅಲ್ಲ, ಇದರಿಂದ.

ಹಾಗಾಗಿ ಕಾಲು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಭಾರ ಬಿಡಿಸಿ. ಹಳೇ ಪಾಠದಲ್ಲಿ ಕೈ ಊರಿ ಮೈ ಎತ್ತಿ ಹಿಡಿ ಅನ್ನುತ್ತಿದ್ದರು. ನಿಮ್ಮ ಭುಜಕ್ಕೆ ಅದು ಬೇಡ. ಎದೆ ತೊಡೆಗೆ ತಾಗುವ ಹಾಗೆ ಮುಂದಕ್ಕೆ ಬಾಗಿ ಎರಡು ನಿಮಿಷ ಇರಿ. ಅಷ್ಟೇ ಕೆಲಸ ಆಗುತ್ತದೆ. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಿ. ಕೆಂಪು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಮಾರನೇ ದಿನ ಆಟ ಇಲ್ಲ, ಕುರ್ಚಿಯೂ ಇಲ್ಲ. ಇನ್ನೊಂದು, ನಮ್ಮ ಕಡೆ ಗಾಳಿ ತುಂಬಿದ ಟ್ಯೂಬ್ ಮೇಲೆ ಕೂರಿಸುವ ಚಟ ಇದೆ. ಉಂಗುರದ ಹಾಗಿರುವ ದಿಂಬು ಯಾವುದೇ ಆದರೂ ಬೇಡ. ಸುತ್ತಲಿನ ಚರ್ಮ ಒತ್ತಿ ನಡುವಿನ ಜಾಗಕ್ಕೆ ಬರುವ ರಕ್ತವನ್ನು ಅದು ಇನ್ನಷ್ಟು ತಡೆಯುತ್ತದೆ. ನಿಮ್ಮ ಟ್ಯೂಬಿಗೆ ಕಿಟಕಿಯೇ ಜಾಗ.

ಈಗ ಅಮ್ಮನ ಮಾತು. ಅವರ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಮಗ ಮರದಿಂದ ಬಿದ್ದದ್ದನ್ನು ಕಂಡವರು ಅವರು. ಮೂರು ವರ್ಷ ನಿಂತಿಲ್ಲದ ಕಾಲಿನ ಮೂಳೆ ಈಗ ತೆಳುವಾಗಿರುತ್ತದೆ. ಮುಖ್ಯವಾಗಿ ಮೊಣಕಾಲಿನ ಮೇಲೆ, ಕೆಳಗೆ. ಕುರ್ಚಿಯಿಂದ ಜಾರಿ ಮೊಣಕಾಲು ಊರಿದರೂ ಬಿರುಕು ಬಿಡಬಹುದು, ನೋವೇ ಗೊತ್ತಾಗದೇ ಹೋಗಬಹುದು. ಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾದರೆ, ಸೆಳೆತ ಜಾಸ್ತಿ ಆದರೆ ಎಕ್ಸ್‌ರೇ ತೆಗೆಸಿ. ಆಡುವಾಗ ಪಾದ ಮತ್ತು ಮೊಣಕಾಲಿಗೆ ಅಗಲ ಪಟ್ಟಿ ಕಟ್ಟಿಕೊಳ್ಳಿ. ಪಾದ ಮೆಟ್ಟಿನಿಂದ ಜಾರಿ ಮುಂದಿನ ಚಕ್ರಕ್ಕೆ ಸಿಕ್ಕುವುದು, ನಾನು ಕಂಡ ಅಪಘಾತಗಳಲ್ಲಿ ಹೆಚ್ಚಿನದು ಅದೇ.

ಆದರೆ ಬೀಳಬಾರದು ಅಂತ ಕೂತಲ್ಲೇ ಕೂರುವುದು ಉಪಾಯ ಅಲ್ಲ. ಬೀಳುವುದನ್ನು ಕಲಿಯಬೇಕು. ಕೊನೆಗಾರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮರ ಹತ್ತುವವನು ಮೊದಲು ಇಳಿಯುವುದು ಹೇಗೆ ಅಂತ ನೋಡಿಕೊಳ್ಳುತ್ತಾನೆ, ಅಲ್ವಾ? ಅಂಗಳದಲ್ಲಿ ಎರಡು ಗಾದಿ ಹಾಸಿ. ತಮ್ಮನೋ ಗೆಳೆಯನೋ ಕುರ್ಚಿಯ ಹಿಂದೆ ನಿಂತು, ಅಡ್ಡಪಟ್ಟಿಗೆ ಕಟ್ಟಿದ ಬೆಲ್ಟ್ ಹಿಡಿದಿರಲಿ. ನೀವು ಮುಂದಿನ ಸಣ್ಣ ಚಕ್ರ ಎತ್ತಿ ಹಿಂದಿನ ಎರಡು ಚಕ್ರದ ಮೇಲೆ ತೂಗಿ ನಿಲ್ಲುವುದನ್ನು ಅಭ್ಯಾಸ ಮಾಡಿ. ಹಿಂದಕ್ಕೆ ವಾಲಿದರೆ ಗದ್ದ ಎದೆಗೆ ಒತ್ತಿ. ತಲೆ ನೆಲಕ್ಕೆ ಬಡಿಯಬಾರದು. ಮೊಣಕಾಲು ಮುಖಕ್ಕೆ ಬರದ ಹಾಗೆ ಒಂದು ಕೈ ಅಡ್ಡ ಇಡಿ. ಕೈ ಹಿಂದೆ ಊರಬೇಡಿ, ಮಣಿಕಟ್ಟು ಮುರಿಯುತ್ತದೆ. ಇದು ಕೈವಶ ಆದರೆ ಹೊಸ್ತಿಲು, ಚರಂಡಿ, ರಸ್ತೆಯ ಗುಂಡಿ ಎಲ್ಲ ದಾಟಬಹುದು. ಮಲೆನಾಡಿನ ಮನೆಗಳ ಹೊಸ್ತಿಲು ನೋಡಿದರೆ ಅದೇ ಒಂದು ಆಟದ ಸ್ಪರ್ಧೆ. ಅಮ್ಮನನ್ನೂ ಕರೆದು ತೋರಿಸಿ. ಮುಚ್ಚಿಟ್ಟು ಮಾಡಿದರೆ ಅವರ ಹೆದರಿಕೆ ಹೋಗುವುದಿಲ್ಲ.

ಹಾಸಿಗೆಯಿಂದ ಕುರ್ಚಿಗೆ ದಾಟಲು ಒಂದು ನಯವಾದ ಹಲಗೆ ಮಾಡಿಸಿ. ಹಲಸಿನ ಮರದ್ದು ಸಿಕ್ಕರೆ ಚೆನ್ನ. ಅಂಚು ದುಂಡಗಿರಲಿ, ಪಾಲಿಶ್ ಇರಲಿ, ಸಿಬಿರು ಇರಬಾರದು. ಒಂದು ದಿನ ಬಲಗೈ ಮುಂದೆ, ಇನ್ನೊಂದು ದಿನ ಎಡಗೈ ಮುಂದೆ.

ಮೈಗೆ ದಮ್ಮು ಬರಿಸುವ ಕೆಲಸವನ್ನು ಇದರ ಜೊತೆಗೇ ಶುರು ಮಾಡಿ. ಬೆನ್ನುಹುರಿ ಪೆಟ್ಟಾದವರಿಗೆ ಅಂತಲೇ 2018ರಲ್ಲಿ ತಜ್ಞರು ಒಂದು ಅಳತೆ ಕೊಟ್ಟಿದ್ದಾರೆ. ವಾರಕ್ಕೆ ಎರಡು ಸಲ 20 ನಿಮಿಷ ಏದುಸಿರು ಬರುವಷ್ಟು ಶ್ರಮ, ಎರಡು ಸಲ ಶಕ್ತಿಯ ವ್ಯಾಯಾಮ. ಇದು ಕನಿಷ್ಠ. ಹೃದಯಕ್ಕೆ, ಸಕ್ಕರೆ ಕಾಯಿಲೆ ತಡೆಯುವುದಕ್ಕೆ ವಾರಕ್ಕೆ ಮೂರು ಸಲ 30 ನಿಮಿಷ. ಅಳತೆಗೆ ಯಂತ್ರ ಬೇಡ. ಮಾತಾಡಬಹುದು, ಆದರೆ ಹಾಡಲು ಆಗಬಾರದು, ಅಷ್ಟು ವೇಗ. ನಿಮ್ಮೂರಲ್ಲಿ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಸುಗ್ಗಿ ಬಿಟ್ಟು ಉಳಿದ ತಿಂಗಳು ಅದು ಖಾಲಿ. ಅಂಥ ನೆಲ ಕೊಟ್ಟರೆ ಬೆಂಗಳೂರಿನ ಎಷ್ಟೋ ಆಟಗಾರರು ಕೈ ಮುಗಿದಾರು. ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹೀಗೆ ಸುತ್ತು ಹೊಡೆಯಿರಿ. ಮೊದಲ ವಾರ ಐದು ನಿಮಿಷ ಸಾಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಮಾತ್ರ ಇಳಿಯಬೇಡಿ. ಜಾರುವುದು ಎಂಥದ್ದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಶುರು ಮಾಡುವ ಮುಂಚೆ ಮೂತ್ರ ಖಾಲಿ ಮಾಡಿಕೊಳ್ಳಿ. ಹೊರಗೆ ಹೋದರೆ ಕಷ್ಟ ಅಂತ ನೀರು ಕುಡಿಯದೇ ಇರುವವರು ಬಹಳ ಜನ. ಅದರಿಂದ ಸೋಂಕು ಬರುತ್ತದೆ. ಕುಡಿಯಿರಿ, ಹೊತ್ತಿಗೆ ಸರಿಯಾಗಿ ಕೆಥೀಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿ.

ಇನ್ನು ಯಾವ ಆಟ? ವಾಲಿಬಾಲ್ ಅಂದ ಕೂಡಲೇ ಯಾರಾದರೂ ಕೂತು ಆಡುವ ವಾಲಿಬಾಲ್ ಅಂತ ಹೇಳಿಯೇ ಹೇಳುತ್ತಾರೆ. ಆಟ ಬಹಳ ಚೆಂದ. 10 ಮೀಟರ್ ಉದ್ದ, 6 ಮೀಟರ್ ಅಗಲದ ಅಂಕಣ. ಗಂಡಸರಿಗೆ ನೆಟ್ 1.15 ಮೀಟರ್ ಎತ್ತರ. ಚೆಂಡು ಹೊಡೆಯುವಾಗ ಕುಂಡೆ ನೆಲ ಬಿಡಬಾರದು. ಆದರೆ ಅಲ್ಲಿ ಕುರ್ಚಿ ಇಲ್ಲ. ನೆಲದ ಮೇಲೆ ಕೂತು, ಕೈ ಊರಿ ಸರಸರ ಜಾರಬೇಕು. ಕಾಲು ಕತ್ತರಿಸಿದವರು, ಪೋಲಿಯೋ ಆದವರು ಹೆಚ್ಚಾಗಿ ಆಡುತ್ತಾರೆ. ಅವರಿಗೆ ಕುಂಡೆಯ ಸ್ಪರ್ಶ ಇರುತ್ತದೆ. ನಿಮಗೆ ಇಲ್ಲ. ಒಂದು ಗಂಟೆ ಉಜ್ಜಿದರೆ ಚರ್ಮ ಕಿತ್ತುಬರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹೀಗಾಗಿ ನಿಮ್ಮ ಹಳೇ ಆಟಕ್ಕೆ ಹತ್ತಿರ ಕಾಣುವುದನ್ನೇ ನಾನು ನಿಮಗೆ ಬೇಡ ಅನ್ನುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ.

ಆಟ ಬದಲಿಸಿದವರು ನೀವೇ ಮೊದಲಲ್ಲ. ಮುರಳಿಕಾಂತ್ ಪೇಟ್ಕರ್ ಸೇನೆಯಲ್ಲಿ ಬಾಕ್ಸರ್ ಆಗಿದ್ದರು. 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಶಕ್ತಿ ಹೋಯಿತು. ಈಜಿಗೆ ಬಂದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಈಜು ನಿಮಗೂ ಒಳ್ಳೆಯದೇ. ನೀರಿನಲ್ಲಿ ಭುಜದ ಮೇಲೆ ಮೈಭಾರ ಬೀಳುವುದಿಲ್ಲ. ಆದರೆ ಕೆರೆ, ತೋಟದ ಹೊಂಡ ಬೇಡ. ಮೆಟ್ಟಿಲು, ಕಾಯುವವರು ಇರುವ ಕೊಳ ಬೇಕು. ಕಾಲು ತಳಕ್ಕೆ ಉಜ್ಜದ ಹಾಗೆ ಉದ್ದ ಕಾಲುಚೀಲ ಹಾಕಿಕೊಳ್ಳಬೇಕು. ಹುಣ್ಣಿದ್ದರೆ ಇಳಿಯಲೇಬಾರದು. ನಿಮ್ಮ ಊರಿನಿಂದ ವಾರಕ್ಕೆರಡು ಸಲ ಅಂಥ ಕೊಳಕ್ಕೆ ಹೋಗಿಬರಲು ಆಗುತ್ತದಾ? ಆಗದಿದ್ದರೆ ಅದು ನಿಮ್ಮ ಆಟ ಅಲ್ಲ. ನಾನು ಆಟ ಆರಿಸುವುದು ಹೀಗೇ. ಮುಂದಿನ ಬುಧವಾರ ಸಂಜೆ, ಊರಿನ ಹುಡುಗರ ಜೊತೆ, ಬಸ್ಸು ಹತ್ತದೆ ಆಡಲು ಆಗುವುದು ಯಾವುದು? ಅದೇ ನಿಮಗೆ ಒಳ್ಳೆ ಆಟ. ಬ್ಯಾಸ್ಕೆಟ್‌ಬಾಲ್ ಅಂದರೆ ನನಗೆ ಜೀವ. ಆದರೆ ಹತ್ತು ಸ್ಪೋರ್ಟ್ಸ್ ಕುರ್ಚಿ, ಹತ್ತು ಆಟಗಾರರು ಒಂದು ಹಳ್ಳಿಯಲ್ಲಿ ಎಲ್ಲಿ ಸಿಗಬೇಕು?

ಈ ಲೆಕ್ಕದಲ್ಲಿ ಮೊದಲು ಬರುವುದು ಟೇಬಲ್ ಟೆನಿಸ್. ಮಾಮೂಲಿ ಟೇಬಲ್, ಮಾಮೂಲಿ ಚೆಂಡು. ನಿಯಮದಲ್ಲಿ ಒಂದು ಮುಖ್ಯ ಬದಲಾವಣೆ: ಗಾಲಿಕುರ್ಚಿಯ ಸಿಂಗಲ್ಸ್‌ನಲ್ಲಿ ಸರ್ವ್ ಮಾಡಿದ ಚೆಂಡು ಎದುರಿನ ಅಂಕಣದ ಪಕ್ಕದಿಂದ ಹೊರಗೆ ಹೋದರೆ ಪಾಯಿಂಟ್ ಇಲ್ಲ, ಲೆಟ್, ಅಂದರೆ ಮತ್ತೆ ಸರ್ವ್. ಎದುರಾಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಆಟ ಸರಿಸಮ. ಕೈ ಭುಜದ ಮಟ್ಟಕ್ಕಿಂತ ಮೇಲೆ ಹೋಗುವುದು ಅಪರೂಪ, ಹಾಗಾಗಿ ಭುಜ ಪೂರ್ತಿ ವಾಸಿಯಾಗುವ ಮುಂಚೆಯೇ ಶುರು ಮಾಡಬಹುದು. ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಗುಜರಾತಿನ ಭಾವಿನಾ ಪಟೇಲ್ ಗಾಲಿಕುರ್ಚಿಯಲ್ಲಿ ಕೂತು ಆಡುವವರು. ಅವರ ಸರ್ವ್ ಸಿಕ್ಕರೆ ನೋಡಿ.

ಮೂರು ತಿಂಗಳಾದ ಮೇಲೆ ಶಟಲ್. ನಿಮಗೆ ಸ್ಮ್ಯಾಷ್ ಹೊಡೆಯುವ ತೀಟೆ ತೀರುವುದು ಅಲ್ಲೇ. ಗಾಲಿಕುರ್ಚಿ ಬ್ಯಾಡ್ಮಿಂಟನ್ ಸಿಂಗಲ್ಸ್ ಅರ್ಧ ಅಂಕಣದಲ್ಲಿ ನಡೆಯುತ್ತದೆ, ನೆಟ್‌ನ ಎತ್ತರ ಎಲ್ಲರಿಗೂ ಇರುವಷ್ಟೇ. ನೆಟ್ ಮತ್ತು ಮುಂದಿನ ಸರ್ವಿಸ್ ಗೆರೆಯ ನಡುವೆ ಬಿದ್ದ ಶಟಲ್ ಔಟ್. ಹಿಂದಕ್ಕೆ ವಾಲಿ ಹೊಡೆಯಬೇಕಾಗುತ್ತದೆ, ಅದಕ್ಕೆ ಹೊಟ್ಟೆ ಮತ್ತು ಬೆನ್ನಿನ ಹಿಡಿತ ಬೇಕು. ಟಿ12 ಅಂದರೆ ಪಕ್ಕೆಲುಬು ಮುಗಿಯುವ ಜಾಗದ ಹುರಿ. ಅದರ ಮೇಲಿನದೆಲ್ಲ ನಿಮ್ಮ ಮಾತು ಕೇಳುತ್ತದೆ. ಹೊಟ್ಟೆಯ ಸ್ನಾಯು ಇದೆ, ಮುಂಡ ತೂಗಿ ನಿಲ್ಲುತ್ತದೆ. ಕುರ್ಚಿಯಲ್ಲಿ ಆಡುವವರಿಗೆ ಇದು ದೊಡ್ಡ ಬಂಡವಾಳ. ಆದರೆ ಹಿಂದೆ ಉರುಳದಂತೆ ತಡೆಯುವ ಸಣ್ಣ ಚಕ್ರ ಕುರ್ಚಿಗೆ ಹಾಕಿಸದೆ ಶಟಲ್ ಬೇಡ.

ಮೂರನೆಯದು ಎಸೆತ: ಗುಂಡು, ಡಿಸ್ಕಸ್, ಜಾವೆಲಿನ್. ಕೂತು ಎಸೆಯುವವರ ಪೀಠ ದಿಂಬೂ ಸೇರಿ 75 ಸೆಂಟಿಮೀಟರ್ ಮೀರಬಾರದು. ನೆಲಕ್ಕೆ ಗೂಟ ಹೊಡೆದು ಹಗ್ಗದಿಂದ ಬಿಗಿದು ಕಟ್ಟುತ್ತಾರೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು, ಶಾಲೆಯ ಬಯಲು ಸಾಕು. ಬೆಂಗಳೂರಿನ ಮಾಲತಿ ಹೊಳ್ಳ ಅವರ ಹೆಸರು ಕೇಳಿರಬಹುದು. ಮಗುವಾಗಿದ್ದಾಗಲೇ ಪೋಲಿಯೋ ಬಂದು ಗಾಲಿಕುರ್ಚಿ ಸೇರಿದವರು. ಗಾಲಿಕುರ್ಚಿ ಓಟ, ಎಸೆತ ಎರಡರಲ್ಲೂ ಪದಕ ಗೆದ್ದರು, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದರು. ಆದರೆ ಎಸೆತ ಭುಜವನ್ನು ಹಿಂಡುತ್ತದೆ. ನಿಮ್ಮ ಟ್ಯೂಬಿನ 12 ವಾರ ಮುಗಿದು, ನೋವಿಲ್ಲದೆ ಕೈ ಮೇಲೆ ಹೋಗುವ ತನಕ ಜಾವೆಲಿನ್ ಮುಟ್ಟಬೇಡಿ.

ನಿಮ್ಮ ಹಾಗಲ್ಲದೆ ಪೆಟ್ಟು ಇನ್ನೂ ಮೇಲೆ, ಎದೆ ಅಥವಾ ಕುತ್ತಿಗೆಯ ಮಟ್ಟದಲ್ಲಿ ಆದವರೂ ಇದನ್ನು ಓದುತ್ತಿರಬಹುದು. ಅವರಿಗೆ ಒಂದು ಮಾತು. ಟಿ6 (ಎದೆಯ ನಡುಮಟ್ಟ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದ್ದರೆ, ಮೂತ್ರ ತುಂಬಿದಾಗಲೋ ಪಟ್ಟಿ ಬಿಗಿಯಾದಾಗಲೋ ರಕ್ತದೊತ್ತಡ ದಿಢೀರ್ ಏರಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪು, ಬೆವರು. ತಕ್ಷಣ ನೆಟ್ಟಗೆ ಕೂರಿಸಿ, ಪಟ್ಟಿ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ, ಇದು ಪ್ರಾಣಕ್ಕೆ ಬರುವ ವಿಷಯ. ಅವರಿಗೆ ಪೆಟ್ಟಾದ ಜಾಗದ ಕೆಳಗೆ ಬೆವರೂ ಸರಿಯಾಗಿ ಬರುವುದಿಲ್ಲ, ಬಿಸಿಲಲ್ಲಿ ಮೈ ಕಾಯುತ್ತದೆ. ನೀರು ಚಿಮುಕಿಸುವ ಬಾಟಲಿ ಜೊತೆಯಲ್ಲಿರಲಿ. ಬೆರಳಿಗೆ ಹಿಡಿತವೇ ಇಲ್ಲದವರಿಗೂ ಆಟ ಇದೆ. ಕ್ಲಬ್ ಥ್ರೋ ಅಂತ, ಮರದ ಗದೆಯಂಥದ್ದನ್ನು ಎಸೆಯುವುದು. 2024ರ ಪ್ಯಾರಿಸ್‌ನಲ್ಲಿ ಅದರ ಚಿನ್ನ, ಬೆಳ್ಳಿ ಎರಡೂ ಭಾರತಕ್ಕೇ ಬಂದವು. ಗೆದ್ದವರು ಧರಮ್‌ಬೀರ್ ಮತ್ತು ಪ್ರಣವ್ ಸೂರ್ಮಾ.

ಪ್ಯಾರಿಸ್‌ನಲ್ಲಿ ನಮಗೆ 29 ಪದಕ ಬಂದ ಮೇಲೆ ಒಂದು ಹೊಸ ಕಾಟ ಶುರುವಾಗಿದೆ. ಕುರ್ಚಿಯಲ್ಲಿ ಕೂತ ಹುಡುಗ ಕಂಡರೆ ಸಾಕು, 'ಪ್ಯಾರಾಲಿಂಪಿಕ್ಸ್‌ಗೆ ಯಾವಾಗ' ಅಂತ ಕೇಳುತ್ತಾರೆ. ಊರಿನಲ್ಲಿ ವಾಲಿಬಾಲ್ ಆಡುವ ಉಳಿದ ಹುಡುಗರನ್ನು ಯಾರಾದರೂ 'ಒಲಿಂಪಿಕ್ಸ್‌ಗೆ ಯಾವಾಗ' ಅಂತ ಕೇಳುತ್ತಾರಾ? ಅವರು ಸಂಜೆ ಬೇಜಾರು ಕಳೆಯಲು ಆಡುತ್ತಾರೆ. ನಿಮಗೂ ಅಷ್ಟೇ ಹಕ್ಕಿದೆ. ಸೋಲಬಹುದು, ಕೆಟ್ಟದಾಗಿ ಆಡಬಹುದು, ಒಂದು ವಾರ ಮನಸ್ಸಿಲ್ಲ ಅಂತ ಬಿಡಬಹುದು. ಮುಂದೊಂದು ದಿನ ಸ್ಪರ್ಧೆ ಬೇಕು ಅನ್ನಿಸಿದರೆ ವರ್ಗೀಕರಣ ಮಾಡಿಸಬೇಕಾಗುತ್ತದೆ. ಅಂದರೆ ಯಾವ ಸ್ನಾಯು ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಿ ಸರಿಸಮರ ಗುಂಪಿಗೆ ಹಾಕುವುದು. ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಓದಿದ ಸುಹಾಸ್ ಯತಿರಾಜ್ ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದಿದ್ದಾರೆ. ಅವರು ನಿಂತು ಆಡುವ ಗುಂಪು, ನಿಮ್ಮದು ಬೇರೆ.

ದುಡ್ಡಿನ ವಿಷಯ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಎಲ್ಲ ಬಾಗಿಲಿಗೂ ಅದೇ ಬೀಗದ ಕೈ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕು. ಹೆಚ್ಚಿನ ಕಡೆ ಅವರೂ ಅಂಗವಿಕಲರೇ. ಅವರನ್ನು ಹಿಡಿಯಿರಿ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ನೋಡಿ ಕುರ್ಚಿ ಕೊಡುತ್ತಾರೆ, ರಾಜ್ಯದ ಇಲಾಖೆ ಪಕ್ಕದ ಚಕ್ರದ ಸ್ಕೂಟರ್ ಕೊಡುತ್ತದೆ. ಸ್ಕೂಟರ್ ಬಂದರೆ ಕೈ ಸೋಮಾರಿ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಏರು ರಸ್ತೆಯಲ್ಲಿ ಭುಜ ಸವೆಸುವ ಬದಲು ಅದನ್ನು ಆಟಕ್ಕೆ ಉಳಿಸಿಕೊಳ್ಳಿ. ಪಂಚಾಯಿತಿಯ ಹಣದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಇಡಬೇಕು ಅಂತ ನಿಯಮ ಇದೆ. ಟೇಬಲ್ ಟೆನಿಸ್ ಟೇಬಲ್, ಶಾಲೆಯ ಬಯಲಿಗೆ ಒಂದು ಇಳಿಜಾರು ಅಂತ ಅರ್ಜಿ ಬರೆದುಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ ಕ್ರೀಡೆಯದ್ದೇ, ಅದನ್ನೂ ಬರೆಯಿರಿ. ಇಳಿಜಾರು ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇರಬೇಕು. ಮೇಸ್ತ್ರಿಗಳು ಜಾಗ ಉಳಿಸಲು ಆರಡಿಗೆ ಮುಗಿಸಿಬಿಡುತ್ತಾರೆ, ನಿಂತು ಅಳೆಸಿ.

ಬೆಂಗಳೂರಿಗೆ ಬಂದರೆ ಲಿಂಗರಾಜಪುರದ ಎಪಿಡಿಗೆ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಹೋಗಿ. 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಸಂಸ್ಥೆ ಅದು, ಬೆನ್ನುಹುರಿ ಪೆಟ್ಟಾದವರ ಜೊತೆ ಕೆಲಸ ಮಾಡುತ್ತದೆ. ಅಲ್ಲಿ ನಿಮ್ಮ ಹಾಗೇ ಮರದಿಂದ, ಕಟ್ಟಡದಿಂದ ಬಿದ್ದವರು ಸಿಗುತ್ತಾರೆ. ಫಿಸಿಯೋ ಒಂದು ತಿಂಗಳಲ್ಲಿ ಹೇಳಿಕೊಡಲಾಗದ್ದನ್ನು ಅವರು ಒಂದು ಮಧ್ಯಾಹ್ನದಲ್ಲಿ ತೋರಿಸುತ್ತಾರೆ. ಕಬ್ಬನ್ ಪಾರ್ಕಿನ ಟೆನಿಸ್ ಅಂಕಣದಲ್ಲಿ ಟಬೆಬುಯಾ ಓಪನ್ ಎಂಬ ಗಾಲಿಕುರ್ಚಿ ಟೆನಿಸ್ ಟೂರ್ನಿ ನಡೆಯುತ್ತದೆ, ಸಿಕ್ಕರೆ ಕೂತು ನೋಡಿ. ಚೆಂಡು ಎರಡು ಸಲ ಪುಟಿಯಬಹುದು ಅನ್ನುವುದೊಂದೇ ದೊಡ್ಡ ವ್ಯತ್ಯಾಸ. ಉಳಿದದ್ದೆಲ್ಲ ಟೆನಿಸ್.

ಕಿಟಕಿಯ ಬಗ್ಗೆ ಬರೆದಿದ್ದೀರಲ್ಲ, ಅದಕ್ಕೂ ಒಂದು ಮಾತು. ಟ್ಯೂಬ್ ಕಟ್ಟುವುದಕ್ಕೆ ಆ ಕಿಟಕಿಯನ್ನೇ ಆರಿಸಿಕೊಳ್ಳಿ. ಹುಡುಗರು ಆಡುವ ಹೊತ್ತಿಗೇ ವ್ಯಾಯಾಮ ಮಾಡಿ. ಸರಳಿಗೆ ಕಟ್ಟಬೇಕಾದರೆ ಬಾಗಿಲು ತೆರೆದಿರಲೇಬೇಕಲ್ಲ. ಒಬ್ಬನಾದರೂ 'ಏನೋ ಮಾಡ್ತಿದೀಯ' ಅಂತ ಕೇಳಿಕೊಂಡು ಬರುತ್ತಾನೆ. ಬೆಲ್ಟ್ ಹಿಡಿಯಲು, ಗಾದಿ ಹಾಸಲು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೇಬಲ್ ಟೆನಿಸ್ ಆಡಲು ನಿಮಗೆ ಬೇಕಾಗಿರುವುದು ಅವನೇ.

12 ವಾರ ಆದ ಮೇಲೆ ನನಗೆ ಮತ್ತೆ ಬರೆಯಿರಿ. ಮೂರು ಸಂಗತಿ ಸಾಕು: ಬಲಗೈ ಎಷ್ಟು ಮೇಲೆ ಹೋಗುತ್ತಿದೆ, ಅಂಗಳದಲ್ಲಿ ನಿಲ್ಲದೆ ಎಷ್ಟು ನಿಮಿಷ ಸುತ್ತುತ್ತೀರಿ, ರಾತ್ರಿ ಕನ್ನಡಿಯಲ್ಲಿ ಚರ್ಮ ಹೇಗಿದೆ. ಅದನ್ನು ನೋಡಿ ಜಾವೆಲಿನ್ ಹಿಡಿಯಬಹುದೋ ಇಲ್ಲವೋ ಹೇಳುತ್ತೇನೆ.